ಕಾಸರಗೋಡಿನ ಮನೆಗೆ ಯಾವ ಕಂಪ್ಯೂಟರು? ವಿಂಡೋಸೋ, ಲಿನಕ್ಸೋ, ಮ್ಯಾಕೋ

ಶಾಲೆ ಸುರುವಾಗುವ ಜೂನ್ ತಿಂಗಳು ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳದ ಕಡೆಯಿಂದ ಇಂಥ ಪ್ರಶ್ನೆಗಳು ಬರುತ್ತಲೇ ಇರುತ್ತವೆ. "ಮಗಳು ಒಂಬತ್ತನೆಗೆ ಹೋದಳು, ಲ್ಯಾಪ್‌ಟಾಪ್ ತೆಗೆಯಬೇಕು, ಯಾವುದು ಆದೀತು?" "ಹಳೆ ಕಂಪ್ಯೂಟರಿಗೆ ವಿಂಡೋಸ್ 11 ಕೂರುವುದಿಲ್ಲ ಅಂತ ಅಂಗಡಿಯವರು ಹೇಳಿದರು, ಬಿಸಾಡುವುದಾ?" "ಲಿನಕ್ಸ್ ಹಾಕಿದರೆ ಕನ್ನಡ ಟೈಪ್ ಮಾಡಲಿಕ್ಕೆ ಆಗ್ತದಾ?"

ವಿಂಡೋಸ್, ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳು (ಆಪರೇಟಿಂಗ್ ಸಿಸ್ಟಂ), ಮ್ಯಾಕ್ ಎಂದರೆ ತನ್ನದೇ ಮೂಲ ತಂತ್ರಾಂಶ ಇರುವ ಆ್ಯಪಲ್ ಕಂಪೆನಿಯ ಕಂಪ್ಯೂಟರು. ಉತ್ತರ ಹೇಳಲು ಹೊರಟವರೆಲ್ಲ ಒಂದೊಂದು ಪಕ್ಷದವರು. ಆ್ಯಪಲ್ ಇಟ್ಟುಕೊಂಡವರಿಗೆ ಬೇರೆ ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಲಿನಕ್ಸಿನವರು ವಿಂಡೋಸಿನವರನ್ನು ಬೈದು ಮುಗಿಸಿದ ಮೇಲೆ ಲಿನಕ್ಸಿನದೇ ಬೇರೆ ಬೇರೆ ರೂಪಗಳಾದ ಉಬುಂಟು ದೊಡ್ಡದೋ ಫೆಡೋರಾ ದೊಡ್ಡದೋ ಎಂದು ತಮ್ಮೊಳಗೇ ಜಗಳಕ್ಕೆ ಕೂರುತ್ತಾರೆ. ನಾನು ಲಿನಕ್ಸಿನ ಪರ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಗಡಿನಾಡಿನ ಮನೆಗೆ ಕಂಪ್ಯೂಟರು ತೆಗೆಯುವಾಗ ಪಕ್ಷ ನೋಡಬಾರದು. ಬೆಂಗಳೂರಿನ ಫ್ಲ್ಯಾಟಿಗೆ ಹೊಂದುವ ಸಲಹೆ ಮಳೆಗಾಲದ ಏತಡ್ಕಕ್ಕೆ ಹೊಂದುವುದಿಲ್ಲ.

ಮೊದಲು ಏನೇನು ನೋಡಬೇಕು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕೆಲಸ. ಯಾವ ತಂತ್ರಾಂಶ ಇಲ್ಲದಿದ್ದರೆ ನಿಮ್ಮ ದಿನ ನಡೆಯುವುದಿಲ್ಲ? ಟ್ಯಾಲಿಯೋ, ಫೋಟೋಶಾಪೋ, ಡಿಜಿಟಲ್ ಸಹಿಯ ಟೋಕನ್ನೋ, ಅಥವಾ ಬರೇ ಬ್ರೌಸರ್ ಸಾಕೋ? ಈ ಒಂದು ಉತ್ತರ ಸಿಕ್ಕಿದರೆ ಅರ್ಧ ತೀರ್ಮಾನ ಆದ ಹಾಗೆ.

ಆಮೇಲೆ ಭಾಷೆ. ನಮ್ಮಲ್ಲಿ ಒಂದೇ ಮನೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ಮಗುವಿನ ಪ್ರಾಜೆಕ್ಟ್ ಕನ್ನಡದಲ್ಲಿ, ಪಂಚಾಯತಿಗೆ ಕೊಡುವ ಅರ್ಜಿ ಹೆಚ್ಚಾಗಿ ಮಲಯಾಳದಲ್ಲಿ, ಬ್ಯಾಂಕಿನದ್ದು ಇಂಗ್ಲಿಷಿನಲ್ಲಿ. ಹೊಸ ಯಂತ್ರ ಸಿಕ್ಕಿದರೆ ನಾನು ಮೊದಲು ಟೈಪ್ ಮಾಡಿ ನೋಡುವುದು "ಕಯ್ಯಾರ ಕಿಞ್ಞಣ್ಣ ರೈ" ಎಂದು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿಯ ಹೆಸರಿನಲ್ಲೇ ಞಕ್ಕೆ ಞ ಒತ್ತು ಉಂಟು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಮಾಡಿಸುವ ವಿಧಾನದಲ್ಲಿ ಈ ಞ ಎಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸ. ಕೆಲವು ಫಾಂಟುಗಳಲ್ಲಿ ಒತ್ತು ಸರಿಯಾಗಿ ಕೂರದೆ ಪಕ್ಕದ ಅಕ್ಷರಕ್ಕೆ ತಾಗುತ್ತದೆ. ಈ ಹೆಸರು, ಜೊತೆಗೆ "ಪೆರ್ಲ", "ಸೂರ್ಯ" ಎಂಬ ಅರ್ಕಾವತ್ತಿನ ಪದಗಳು ಸಲೀಸಾಗಿ ಮೂಡಿದರೆ ಆ ಯಂತ್ರದಲ್ಲಿ ಕನ್ನಡಕ್ಕೆ ಭಯವಿಲ್ಲ.

ಮೂರನೆಯದು ಮಳೆ, ಸಿಡಿಲು, ಕರೆಂಟು. ನಾಲ್ಕನೆಯದು, ಹಾಳಾದರೆ ಹತ್ತಿರದಲ್ಲಿ ಯಾರು ನೋಡುತ್ತಾರೆ ಎಂಬುದು. ಹಣವನ್ನು ನಾನು ಕೊನೆಗೆ ಇಡುತ್ತೇನೆ. ಹಣ ಮುಖ್ಯವಲ್ಲ ಎಂದಲ್ಲ, ಮೇಲಿನ ನಾಲ್ಕು ಗೊತ್ತಾದರೆ ಎಷ್ಟು ಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. "ಮೂವತ್ತು ಸಾವಿರದೊಳಗೆ ಯಾವುದು ಒಳ್ಳೆಯದು" ಎಂದೇ ಸುರು ಮಾಡಿದರೆ ಅಂಗಡಿಯವರು ಯಾವ ಸ್ಟಾಕ್ ಖಾಲಿ ಮಾಡಬೇಕೋ ಅದು ನಿಮ್ಮ ಮನೆಗೆ ಬರುತ್ತದೆ.

ವಿಂಡೋಸ್

ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿಯಲ್ಲಿ ಇಡುವವರು, ಸರಕಾರಿ ಸೇವೆ ಒದಗಿಸುವ ಅಕ್ಷಯ ಕೇಂದ್ರ ನಡೆಸುವವರು, ಬೆರಳಚ್ಚಿನ ಯಂತ್ರ ಮತ್ತು ಡಿಜಿಟಲ್ ಸಹಿ ದಿನಾ ಬಳಸುವವರು, ಫೋಟೋಶಾಪಿನಲ್ಲಿ ಆಮಂತ್ರಣ ಪತ್ರಿಕೆ ಮಾಡುವ ಸ್ಟುಡಿಯೋದವರು: ನಿಮಗೆಲ್ಲ ವಿಂಡೋಸೇ ಆಗಬೇಕು. ಲಿನಕ್ಸಿನಲ್ಲಿ ವೈನ್ (ವಿಂಡೋಸಿನ ತಂತ್ರಾಂಶ ಓಡಿಸುವ ಸಾಧನ) ಹಾಕಿ ಟ್ಯಾಲಿ ಓಡಿಸುತ್ತೇನೆ ಎಂದು ಹೊರಡಬೇಡಿ. ಜಿಎಸ್‌ಟಿ ಸಲ್ಲಿಸುವ ಕೊನೆಯ ದಿನ ಅದು ಕೈಕೊಟ್ಟರೆ ದಂಡ ಕಟ್ಟುವವರು ನೀವು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರಿಗೆ ಭದ್ರತೆಯ ಅಪ್‌ಡೇಟುಗಳನ್ನು ಮಾತ್ರ 2026ರ ಅಕ್ಟೋಬರ್‌ವರೆಗೆ ಮುಂದುವರಿಸುವ ಯೋಜನೆಯನ್ನೂ ಅದು ತಂದಿತು. ವಿಂಡೋಸ್ 11 ಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಪ್ರೊಸೆಸರ್ ಇಂಟೆಲ್ ಕಂಪೆನಿಯದ್ದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಆಗಬೇಕು. ಕನಿಷ್ಠ 4 ಜಿಬಿ ರ್‍ಯಾಮ್ ಸಾಕೆಂದು ಬರೆದಿರುತ್ತಾರೆ. ನಂಬಬೇಡಿ. ಎಂಟು ಇಲ್ಲದಿದ್ದರೆ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆಯುವಷ್ಟರಲ್ಲಿ ಹ್ಯಾಂಗ್ ಆಗಿ ನಿಲ್ಲುತ್ತದೆ.

ಈ ಎಂಟನೇ ತಲೆಮಾರಿನ ಗೆರೆ ನಮಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಲ್ಯಾಪ್‌ಟಾಪುಗಳ ಮಾಮೂಲು ಐ5, ಐ7 ಚಿಪ್ಪುಗಳಲ್ಲಿ, ಅಂದರೆ ಹೆಸರಿನ ಕೊನೆಗೆ ಯು ಅಕ್ಷರ ಇರುವವುಗಳಲ್ಲಿ, ಏಳನೇ ತಲೆಮಾರಿನವರೆಗೆ ಇದ್ದದ್ದು ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ. 2017ರಲ್ಲಿ ಎಂಟನೆಯದು ಬಂದಾಗ ಅದು ನಾಲ್ಕಾಯಿತು. ಹಾಗಾಗಿ "ಐ7 ಉಂಟು" ಎಂಬ ಸ್ಟಿಕ್ಕರಿಗೆ ಮರುಳಾಗಬಾರದು. ನಾಲ್ಕನೇ ತಲೆಮಾರಿನ ಐ7ಗಿಂತ ಹನ್ನೆರಡನೇ ತಲೆಮಾರಿನ ಐ3 ಚುರುಕು. ಹೆಸರಿನ ಅಡ್ಡಗೆರೆಯ ನಂತರ ಬರುವ ಅಂಕೆ ನೋಡಿ: 8250 ಎಂದಿದ್ದರೆ ಎಂಟು, 4210 ಎಂದಿದ್ದರೆ ನಾಲ್ಕು, 1235 ಎಂದಿದ್ದರೆ ಹನ್ನೆರಡು.

ಕನ್ನಡದ ಮಟ್ಟಿಗೆ ವಿಂಡೋಸ್ ಚೆನ್ನಾಗಿಯೇ ಉಂಟು. ಎಕ್ಸ್‌ಪಿ ಕಾಲದಿಂದ ತುಂಗಾ ಫಾಂಟ್, ವಿಂಡೋಸ್ 8ರಿಂದ ನಿರ್ಮಲಾ. 2019ರಿಂದ ಧ್ವನಿಯ ಪ್ರಕಾರ ಟೈಪ್ ಮಾಡುವ ಕೀಲಿಮಣೆಯೂ ಒಳಗೇ ಸಿಗುತ್ತದೆ. ಕನ್ನಡ ಬರೆಯುವ ತಂತ್ರಾಂಶಗಳಾದ ನುಡಿ, ಬರಹ ಎರಡೂ ಓಡುತ್ತವೆ. ಮಂಗಳೂರಿನ ಪ್ರೆಸ್ಸಿಗೆ ನುಡಿ ಫಾಂಟಿನಲ್ಲೇ ಫೈಲು ಕೊಡಬೇಕಾದವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಎರಡು ಎಚ್ಚರಿಕೆ. ವಿಂಡೋಸ್ 11 ಹೋಮ್ ಸುರುವಿನಲ್ಲೇ ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಈಚೆಗೆ ಬರುವ ಯಂತ್ರಗಳಲ್ಲಿ ಆ ಖಾತೆಗೆ ಲಾಗಿನ್ ಆದ ಕೂಡಲೇ ಡಿಸ್ಕಿಗೆ ತಾನಾಗಿ ಗೂಢಲಿಪಿಯ ಬೀಗ ಬೀಳುವುದುಂಟು. ಅದರ ರಿಕವರಿ ಕೀ ಆ ಖಾತೆಯಲ್ಲೇ ಇರುತ್ತದೆ. ಅಂಗಡಿಯ ಹುಡುಗ ಯಾವುದೋ ಇಮೇಲ್ ಹಾಕಿ ಖಾತೆ ಮಾಡಿ ಕೊಟ್ಟರೆ, ನಾಳೆ ಮದರ್‌ಬೋರ್ಡ್ ಬದಲಾಯಿಸಿದ ದಿನ ಮದುವೆಯ ಫೋಟೋ, ಜಾಗದ ಕಾಗದಪತ್ರ ಎಲ್ಲ ಒಳಗೇ ಉಳಿದುಬಿಡುತ್ತವೆ. ಖಾತೆ ನಿಮ್ಮ ಕೈಯಿಂದಲೇ ಮಾಡಿ, ಕೀಯನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿಡಿ. ಇನ್ನೊಂದು, ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಬೇಡಿ. ಆ ಆ್ಯಕ್ಟಿವೇಟರ್ ಓಡಬೇಕಾದರೆ ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕೆನ್ನುತ್ತದೆ. ಬ್ಯಾಂಕ್ ಪಾಸ್‌ವರ್ಡ್ ಒತ್ತುವ ಯಂತ್ರದಲ್ಲಿ ಮಾಡುವ ಕೆಲಸವಲ್ಲ ಅದು.

ಲಿನಕ್ಸ್

ನಮ್ಮ ಜಿಲ್ಲೆಯ ಮಕ್ಕಳಿಗೆ ಗಡಿಯ ಆಚೆಯ ಮಕ್ಕಳಿಗಿಲ್ಲದ ಒಂದು ಅನುಕೂಲ ಇಲ್ಲಿ ಉಂಟು, ಮತ್ತು ನಮ್ಮ ಜನಕ್ಕೇ ಅದರ ಬೆಲೆ ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಕೇರಳದ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತಂದ ಐಟಿ ಅಟ್ ಸ್ಕೂಲ್ ಯೋಜನೆ 2001ರ ಹೊತ್ತಿಗೆ ಸುರುವಾಯಿತು, ಮುಂದೆ ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದಕ್ಕೆ ಹೊರಳಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧರಿಸಿದ ಕೈಟ್ ಗ್ನೂ/ಲಿನಕ್ಸೇ ಶಾಲೆಯ ಲ್ಯಾಬಿನಲ್ಲಿ ಇರುವುದು. ಎಸ್ಸೆಸ್ಸೆಲ್ಸಿಯ ಐಟಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುವುದೂ ಅದರಲ್ಲೇ. ಇಂಕ್‌ಸ್ಕೇಪಿನಲ್ಲಿ ಚಿತ್ರ, ಜಿಂಪಿನಲ್ಲಿ ಫೋಟೋ, ಕ್ಯೂಜಿಐಎಸ್‌ನಲ್ಲಿ ನಕ್ಷೆ, ಪೈಥಾನಿನಲ್ಲಿ ಪ್ರೋಗ್ರಾಂ: ಕನ್ನಡ ಮಾಧ್ಯಮದ ಮಗು ಹತ್ತನೆಯ ಒಳಗೆ ಇವಿಷ್ಟನ್ನೂ ಮುಟ್ಟಿರುತ್ತದೆ. ಹಾಗಿರುವಾಗ ಮನೆಗೆ ವಿಂಡೋಸ್ ಲ್ಯಾಪ್‌ಟಾಪ್ ತಂದು, ಪರೀಕ್ಷೆಯ ಹಿಂದಿನ ವಾರ "ಮನೆಯಲ್ಲಿ ಅಭ್ಯಾಸ ಆಗುವುದಿಲ್ಲ" ಎಂದು ಚಡಪಡಿಸುವುದು ಯಾಕೆ?

ಎಂಟರಿಂದ ಹತ್ತನೆಯವರೆಗಿನ ಮಕ್ಕಳಿರುವ ಮನೆಗೆ ನನ್ನ ಮಾತು ಖಚಿತ: ಕೈಟ್ ಗ್ನೂ/ಲಿನಕ್ಸ್ ಹಾಕಿ. ಶಾಲೆಯಲ್ಲಿ ಐಟಿ ನೋಡಿಕೊಳ್ಳುವ ಎಸ್‌ಐಟಿಸಿ ಟೀಚರನ್ನು ಕೇಳಿದರೆ ಪೆನ್ ಡ್ರೈವಿನಲ್ಲಿ ಸಿಕ್ಕೀತು. ಪಾಠಕ್ಕೆ ಬೇಕಾದದ್ದೆಲ್ಲ ಅದರೊಳಗೇ ತುಂಬಿಸಿಟ್ಟಿರುತ್ತಾರೆ. ಶಾಲೆಯ ಮಕ್ಕಳಿಲ್ಲದ ಮನೆಗಾದರೆ ಲಿನಕ್ಸ್ ಮಿಂಟ್. ವಿಂಡೋಸ್ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಹೊಸದೆನಿಸುವುದಿಲ್ಲ, ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ರ್‍ಯಾಮ್ ನಾಲ್ಕೇ ಇದ್ದರೆ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಉಳಿದ ಲಿನಕ್ಸ್ ರೂಪಗಳ (ಡಿಸ್ಟ್ರೋಗಳ) ಚರ್ಚೆ ಆಸಕ್ತಿ ಇದ್ದವರಿಗೆ ಬಿಟ್ಟದ್ದು. ವಾರಕ್ಕೊಂದು ಬದಲಾಯಿಸುತ್ತ ಹೋದರೆ ಕೆಲಸ ಮಾಡುವುದು ಯಾವಾಗ?

ಕನ್ನಡದ ಪ್ರಶ್ನೆಗೆ ಬರೋಣ. ನುಡಿ ತಂತ್ರಾಂಶ ಲಿನಕ್ಸಿನಲ್ಲಿ ಇಲ್ಲ, ಆದರೆ ನುಡಿಯ ಕೀಲಿಮಣೆ ಉಂಟು. ಅದರ ಮೂಲ ನಮ್ಮ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಗಪ ಎಂದಿರುವುದನ್ನು ಸೇರಿಸಿದರೆ ಸಾಕು, ನುಡಿಯಲ್ಲಿ ಪಳಗಿದ ಬೆರಳು ಹಾಗೆಯೇ ಓಡುತ್ತದೆ. ಎಫ್ ಒತ್ತಿದರೆ ಅರ್ಧಾಕ್ಷರ, ಝಡ್‌ನಲ್ಲಿ ಞ. ಕಿಞ್ಞಣ್ಣ ಎಂದು ಬರೆಯಲು ಯಾವ ಸರ್ಕಸ್ಸೂ ಬೇಡ. ಪಕ್ಕದಲ್ಲೇ ಮಲಯಾಳದ ಕೀಲಿಮಣೆಯನ್ನೂ ಸೇರಿಸಿಟ್ಟುಕೊಂಡರೆ ಒಂದು ಕೀಲಿಯಲ್ಲಿ ಭಾಷೆ ಬದಲಾಗುತ್ತದೆ. ನೋಟೋ, ಲೋಹಿತ್, ಗುಬ್ಬಿ, ನವಿಲು ಫಾಂಟುಗಳೆಲ್ಲ ಧರ್ಮಾರ್ಥ.

ಇಲ್ಲಿ ನಿವೃತ್ತ ಮಾಸ್ಟ್ರುಗಳು, ಪುಸ್ತಕ ಬರೆಯುವವರು ಗಮನಿಸಬೇಕಾದ ವಿಷಯ ಉಂಟು. ಹಳೆಯ ನುಡಿ, ಬರಹದ ಆಸ್ಕಿ ಫಾಂಟಿನಲ್ಲಿ ಬರೆದ ಫೈಲುಗಳ ಒಳಗೆ ನಿಜವಾಗಿ ಕನ್ನಡ ಇಲ್ಲ. ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕೂರಿಸಿದ್ದು ಅಷ್ಟೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ "ಕನ್ನಡ" ಎಂಬ ಪದದ ನಡುವೆ ನ ಇರಬೇಕಾದಲ್ಲಿ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತದೆ. ಹತ್ತಾರು ವರ್ಷ ಕೂತು ಬರೆದ ಯಕ್ಷಗಾನ ಪ್ರಸಂಗ, ಊರಿನ ಚರಿತ್ರೆ ಆ ಸ್ಥಿತಿಯಲ್ಲಿ ಇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹುಡುಕಿದರೂ ಸಿಗುವುದಿಲ್ಲ, ಫೋನಿನಲ್ಲಿ ಓದಲಿಕ್ಕಾಗುವುದಿಲ್ಲ. ನೀವು ಯಾವ ಪಕ್ಷಕ್ಕೇ ಸೇರಿ, ಹಳೆಯ ಬರಹವನ್ನು ಪರಿವರ್ತಕದಲ್ಲಿ ಹಾಕಿ, ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಉಳಿಯುವ ಯೂನಿಕೋಡಿಗೆ ತಂದಿಡಿ. ಮುಂದೆ ಬರೆಯುವುದನ್ನು ಯೂನಿಕೋಡಿನಲ್ಲೇ ಬರೆಯಿರಿ. ಪ್ರೆಸ್ಸಿನವರು ನುಡಿಯಲ್ಲೇ ಬೇಕೆಂದರೆ ಕೊಡುವಾಗ ಬದಲಾಯಿಸಿ ಕೊಟ್ಟರಾಯಿತು, ಮೂಲ ಪ್ರತಿ ನಿಮ್ಮಲ್ಲಿ ಯೂನಿಕೋಡಿನಲ್ಲೇ ಇರಲಿ.

ಲಿನಕ್ಸಿನ ಕೊರತೆಗಳನ್ನು ಮುಚ್ಚಿಡಬಾರದು. ಪ್ರಿಂಟರ್ ದೊಡ್ಡ ತಲೆನೋವು. ಎಚ್‌ಪಿಯ ಹೆಚ್ಚಿನವು ತೊಂದರೆ ಕೊಡುವುದಿಲ್ಲ. ನಮ್ಮ ಅಂಗಡಿ, ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900ನ್ನು ಲಿನಕ್ಸಿಗೆ ಹೊಂದಿಸುವುದು ಮಾತ್ರ ತಾಳ್ಮೆಯ ಪರೀಕ್ಷೆ. ಮನೆಯಲ್ಲಿ ಅದೇ ಇದ್ದರೆ ಮೊದಲು ಗೊತ್ತಿದ್ದವರಿಂದ ಮಾಡಿಸಿ ನೋಡಿ, ಆಮೇಲೆ ವಿಂಡೋಸ್ ತೆಗೆಯಿರಿ. ವ್ಯಾಲೊರಂಟ್ ಆಡುವ ಮಗ ಇದ್ದರೆ ಅವನಿಗೂ ಲಿನಕ್ಸ್ ಆಗದು, ಆ ಆಟದ ಮೋಸತಡೆ ವ್ಯವಸ್ಥೆ ಇದರಲ್ಲಿ ಓಡುವುದೇ ಇಲ್ಲ. ಯಕ್ಷಗಾನದ ವಿಡಿಯೋ ಎಡಿಟ್ ಮಾಡುವವರು ಡಾವಿಂಚಿ ರಿಸಾಲ್ವ್ ಲಿನಕ್ಸಿನಲ್ಲೂ ಧರ್ಮಾರ್ಥ ಸಿಗುತ್ತದೆ ಎಂದು ಕೇಳಿ ಬರುತ್ತಾರೆ. ಸಿಗುವುದು ಹೌದು, ಆದರೆ ಅದರ ಧರ್ಮಾರ್ಥ ಆವೃತ್ತಿ ಲಿನಕ್ಸಿನಲ್ಲಿ ಎಚ್.264 ಎಂಬ ಮಾದರಿಯ ವಿಡಿಯೋ ಫೈಲುಗಳನ್ನು ತೆಗೆದುಕೊಳ್ಳುವುದಿಲ್ಲ. ಕ್ಯಾಮರಾ, ಫೋನುಗಳಲ್ಲಿ ಹೆಚ್ಚಾಗಿ ಬರುವುದೇ ಅದು. ಕೆಡೆನ್‌ಲೈವ್ ಎಂಬ ಇನ್ನೊಂದು ಎಡಿಟಿಂಗ್ ತಂತ್ರಾಂಶದಲ್ಲಿ ಕೆಲಸ ಸಾಗುತ್ತದೆ. ಇಡೀ ರಾತ್ರಿಯ ಆಟವನ್ನು ನಾಲ್ಕು ಕ್ಯಾಮರಾದಲ್ಲಿ ಹಿಡಿದು ಅದರಿಂದಲೇ ಸಂಪಾದನೆ ಮಾಡುವವರಿಗೆ ಬೇರೆ ದಾರಿ ಉಂಟು.

ಮ್ಯಾಕ್

ಆ ದಾರಿ ಮ್ಯಾಕ್. 2020ರ ನವೆಂಬರಿನಲ್ಲಿ ಆ್ಯಪಲಿನ ಸ್ವಂತ ಚಿಪ್ಪು ಎಂ1 ಬಂದ ಮೇಲೆ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ. ಧೂಳು ಎಳೆದುಕೊಳ್ಳುವುದಿಲ್ಲ, ಸದ್ದಿಲ್ಲ, ಬ್ಯಾಟರಿ ಹಗಲಿಡೀ ಬರುತ್ತದೆ. ವಿಡಿಯೋ, ಸಂಗೀತ, ವಿನ್ಯಾಸದಿಂದ ತಿಂಗಳ ಆದಾಯ ಇರುವವರಿಗೆ ಕೊಟ್ಟ ಹಣ ಮೋಸವಿಲ್ಲ. ಕನ್ನಡ ಫಾಂಟ್, ಕೀಲಿಮಣೆ ಒಳಗೇ ಉಂಟು, ನುಡಿ ಮತ್ತು ಟ್ಯಾಲಿ ನೇರವಾಗಿ ಓಡುವುದಿಲ್ಲ. 2025ರಲ್ಲಿ ಬಂದ ಎಂ4 ಏರ್‌ಗೆ ಬಿಡುಗಡೆಯಾದಾಗ ಇದ್ದ ಆರಂಭದ ಬೆಲೆ 99,900 ರೂಪಾಯಿ, ರ್‍ಯಾಮ್ 16 ಜಿಬಿ.

ಆದರೆ ರ್‍ಯಾಮ್, ಸ್ಟೋರೇಜ್ ಎರಡನ್ನೂ ಒಳಗೆ ಬೆಸುಗೆ ಹಾಕಿಯೇ ಕೊಡುತ್ತಾರೆ. ತೆಗೆದ ದಿನ ಎಷ್ಟೋ ಕೊನೆಯವರೆಗೂ ಅಷ್ಟೆ. ಬೋರ್ಡ್ ಹೋದರೆ ಊರಿನ ರಿಪೇರಿಯವರ ಕೈಯಲ್ಲಿ ಆಗುವುದು ಕಡಿಮೆ, ರಿಪೇರಿಯ ಬಿಲ್ಲಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಬಂದೀತು. ಮಕ್ಕಳ ಕಲಿಕೆಗೆ, ಪತ್ರವ್ಯವಹಾರಕ್ಕೆ ಇಷ್ಟು ಹಣ ಹಾಕುವುದು ಬೇಡ.

ಹೆಚ್ಚಿನ ಕೆಲಸ ಬ್ರೌಸರಿನಲ್ಲೇ ನಡೆಯುವ ಗೂಗಲಿನ ಕ್ರೋಮ್‌ಬುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಟರ್ನೆಟ್ ಇದ್ದರೆ ಚಂದ. ಜೋರು ಮಳೆಯ ಆಟಿ ತಿಂಗಳಲ್ಲಿ ಮರ ಬಿದ್ದು ಎರಡು ದಿನ ನೆಟ್ ಇಲ್ಲದ ಮನೆಗಳಿಗೆ ಅದನ್ನು ನಾನು ಹೇಳುವುದಿಲ್ಲ.

ಯಂತ್ರ ಯಾವುದು

ಇಪ್ಪತ್ತೈದು ಸಾವಿರದ ಒಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಸೆಲೆರಾನ್ ಪ್ರೊಸೆಸರ್, ಬೆಸುಗೆ ಹಾಕಿದ 4 ಜಿಬಿ ರ್‍ಯಾಮ್, 64 ಜಿಬಿಯ ಇಎಂಎಂಸಿ ಸ್ಟೋರೇಜ್ ಇರುವಂಥದ್ದು ಕಂಡರೆ ದೂರ ನಿಲ್ಲಿ. ವಿಂಡೋಸ್ ಮತ್ತು ಅದರ ಅಪ್‌ಡೇಟುಗಳಿಗೇ ಆ ಜಾಗ ಸಾಲುವುದಿಲ್ಲ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೋಗುವ ಮೊದಲೇ ನಿಧಾನವಾಗುತ್ತದೆ.

ಅದೇ ಹಣಕ್ಕೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ, ಕಂಪೆನಿಗಳು ಬಳಸಿ ಬಿಟ್ಟ ಎಂಟನೇ ತಲೆಮಾರಿನ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490 ಇಂಥವು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಎರಡರಲ್ಲೂ ರ್‍ಯಾಮಿಗೆ ಎರಡೆರಡು ಸ್ಲಾಟ್, ಫೈಲುಗಳನ್ನು ಇಡುವ ಎಸ್‌ಎಸ್‌ಡಿ ಬದಲಾಯಿಸಬಹುದು, ಹಿಂದಿನ ಮುಚ್ಚಳ ಸ್ಕ್ರೂಡ್ರೈವರಿನಲ್ಲಿ ಬಿಚ್ಚುತ್ತದೆ. ಟಿ480ರ ಒಂದು ಗುಣ ನಮ್ಮ ಮಳೆಗಾಲಕ್ಕೆಂದೇ ಮಾಡಿದ ಹಾಗಿದೆ. ಅದರೊಳಗೆ ಒಂದು ಬ್ಯಾಟರಿ, ಹಿಂದೆ ಕಳಚುವಂಥದ್ದು ಇನ್ನೊಂದು. ಕರೆಂಟಿಲ್ಲದ ದಿನ ಹಿಂದಿನದ್ದು ಮುಗಿದರೆ ಲ್ಯಾಪ್‌ಟಾಪ್ ಆಫ್ ಮಾಡದೆಯೇ ಅದನ್ನು ತೆಗೆದು ಚಾರ್ಜ್ ಇರುವ ಮತ್ತೊಂದನ್ನು ಹಾಕಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಅನುಕೂಲ ಕಾಣಸಿಗುವುದೇ ಅಪರೂಪವಾಗಿದೆ. ವಿಂಡೋಸ್ 11 ಬೇಕಾದರೂ ಸರಿ, ಲಿನಕ್ಸ್ ಆದರೂ ಸರಿ, ಎರಡಕ್ಕೂ ಇವು ಆಗುತ್ತವೆ. ಹತ್ತನೆಯವರೆಗೆ ಲಿನಕ್ಸ್, ಆಮೇಲೆ ಪ್ಲಸ್ ಟು ಕಾಮರ್ಸಿಗೆ ಹೋದಾಗ ವಿಂಡೋಸ್ ಎಂದು ಬದಲಾಯಿಸಿಕೊಳ್ಳಲೂ ತೊಂದರೆಯಿಲ್ಲ.

ಇಂಜಿನಿಯರಿಂಗಿಗೆ ಮಂಗಳೂರಿಗೆ ಹೋಗುವವರು ಈಗಲೇ ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ತೆಗೆಯಬೇಕಾಗಿಲ್ಲ. ಕೀಬೋರ್ಡಿನ ಕೆಳಗೆ ಬಣ್ಣಬಣ್ಣದ ಲೈಟು ಉರಿದರೆ ಪ್ರೋಗ್ರಾಂ ಬೇಗ ಓಡುವುದಿಲ್ಲ. ಯಾವ ಶಾಖೆ, ಯಾವ ತಂತ್ರಾಂಶ ಎಂದು ಗೊತ್ತಾಗಲಿ, ಒಂದು ವರ್ಷ ಹೀಗೆ ಸುಧಾರಿಸಿ.

ಮನೆಯಲ್ಲಿ ಹಳೆ ಕಂಪ್ಯೂಟರು ಇದ್ದವರಿಗೆ: ಬಿಸಾಡಬೇಡಿ. ಹಳೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ ಎಂಟಕ್ಕೆ ಏರಿಸಿ, ಮಿಂಟ್ ಹಾಕಿ. ಆನ್ ಮಾಡಿ ಚಾ ಕುಡಿದು ಬರುವವರೆಗೆ ಕಾಯುತ್ತಿದ್ದ ಯಂತ್ರ ಬೇಗನೆ ಎದ್ದು ಕೂರುತ್ತದೆ. ಕಂಪ್ಯೂಟರಿಗೆ ಹಾಕುವ ಹಣದಲ್ಲಿ ಇಷ್ಟು ಸಂತೋಷ ಕೊಡುವ ಖರ್ಚು ಇನ್ನೊಂದಿಲ್ಲ. ಅಂಗಡಿ ಲೆಕ್ಕಕ್ಕೆ ಡೆಸ್ಕ್‌ಟಾಪೇ ಬೇಕಾದವರು ಯುಪಿಎಸ್ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ. ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್.

ಸಿಡಿಲಿನ ಮಾತು ಎಲ್ಲ ಪಕ್ಷದವರಿಗೂ ಒಂದೇ. ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ಅಕ್ಟೋಬರ್, ನವೆಂಬರಿನ ತುಲಾ ಮಳೆಯ ದಿನಗಳಲ್ಲಿ ಮೋಡ ಕಟ್ಟಿದ ಕೂಡಲೇ ಪ್ಲಗ್ಗನ್ನೇ ಕಳಚಿ. ಬರೇ ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರ್ ದಾರದಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ಇಂಟರ್ನೆಟ್ಟಿನ ಮೋಡೆಮ್ ಪೆಟ್ಟಿಗೆಯ ಅಡಾಪ್ಟರಿನಿಂದ ಬಂದು ಲ್ಯಾನ್ ಕೇಬಲಿನ ಮೂಲಕ ಕಂಪ್ಯೂಟರಿಗೆ ತಾಗುತ್ತದೆ. ಕೇಬಲನ್ನೂ ಕಳಚಿ, ಇಲ್ಲವೇ ವೈಫೈಯಲ್ಲೇ ಕೆಲಸ ಮಾಡಿ. ಆಟಿಯಲ್ಲಿ ಲ್ಯಾಪ್‌ಟಾಪನ್ನು ಬ್ಯಾಗಿನೊಳಗೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಬೂಸಲು ಬರುತ್ತದೆ. ದಿನಕ್ಕೊಮ್ಮೆ ಓಡಿಸಿದರೆ ಒಳಗಿನ ಶಾಖಕ್ಕೆ ತೇವ ಆರುತ್ತದೆ. ಕೀಬೋರ್ಡಿನ ಮೇಲೆ ಬಿಸ್ಕತ್ತಿನ ಪುಡಿ ಬಿದ್ದರೆ ಒರೆಸಿ. ಕೀಲಿಗಳ ಸಂದಿಯಲ್ಲಿ ಇರುವೆ ಸಾಲುಗಟ್ಟಿದರೆ ಅವನ್ನು ಹೊರಡಿಸುವುದು ಬಹಳ ಕಷ್ಟ.

ಸೆಕೆಂಡ್ ಹ್ಯಾಂಡ್ ತೆಗೆಯುವಾಗ ಅಂಗಡಿಯಲ್ಲೇ ಅರ್ಧ ಗಂಟೆ ಕೂತು ನೋಡಿ, ನಾಚಿಕೆ ಬೇಡ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಾಗಿದ್ದಾಗಿನ ಸಾಮರ್ಥ್ಯ ಎಷ್ಟು, ಈಗ ತುಂಬುವುದು ಎಷ್ಟು ಎಂದು ಹೋಲಿಸಿ. ಅರ್ಧಕ್ಕಿಂತ ಕಡಿಮೆಯಾದರೆ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಲಿನಕ್ಸ್ ಇರುವ ಪೆನ್ ಡ್ರೈವ್ ಒಯ್ದು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ವೈಫೈ, ಸೌಂಡ್, ಕ್ಯಾಮರಾ, ಎಲ್ಲ ಕೀಲಿಗಳೂ ಸರಿ ಉಂಟಾ ನೋಡಿ. ಆನ್ ಮಾಡುವಾಗ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2 ಒತ್ತಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ, ಪಾಸ್‌ವರ್ಡ್ ಕೇಳುತ್ತದಾ ನೋಡಿ. ವಿಂಡೋಸ್ ಬೇಕಾದವರು ಹೊಸದಾಗಿ ಹಾಕಿಸಿ, ನೆಟ್ ಕೊಟ್ಟು ಸೆಟಪ್ ಮುಗಿಯುವವರೆಗೆ ಕಾಯಿರಿ. ಕೆಲವು ಲ್ಯಾಪ್‌ಟಾಪುಗಳು ಹಳೆಯ ಕಂಪೆನಿಯ ಪಟ್ಟಿಯಿಂದ ಬಿಡುಗಡೆಯೇ ಆಗಿರುವುದಿಲ್ಲ, ನೆಟ್ ಸಿಕ್ಕಿದ ಕೂಡಲೇ ಆ ಕಂಪೆನಿಯ ಲಾಗಿನ್ ಕೇಳುತ್ತವೆ. ಬಯಾಸ್ ಪಾಸ್‌ವರ್ಡ್ ಕೇಳಿದರೂ ಅಷ್ಟೆ, ಕಂಪೆನಿಯ ಹೆಸರು ಬಂದರೂ ಅಷ್ಟೆ: "ನಾಳೆ ತೆಗೆದುಕೊಡ್ತೇನೆ" ಎಂದರೆ ನಾಳೆಯೇ ಬಂದು ಹಣ ಕೊಡುತ್ತೇನೆ ಎಂದು ಹೇಳಿ ಎದ್ದು ಬನ್ನಿ.